ತುಮಕೂರಿನ ‘ವಾಚಿನ ಅಕ್ಕ’ನ ಅಂಗಡಿ: ಅವಸರದವರಿಗಲ್ಲ

ಮೊದಲೇ ಹೇಳಿಬಿಡುತ್ತೇನೆ, ಅವಸರ ಇರುವವರು ಈ ಅಂಗಡಿಯ ಮೆಟ್ಟಿಲು ಹತ್ತಬೇಡಿ. ಹೋದ ಸಲ ನಾನು ರಿಪೇರಿಗೆ ಕೊಟ್ಟ ವಾಚು ಕೈಗೆ ಬರಲು ಏಳು ವಾರ ಹಿಡಿಯಿತು. ನಾನು 31 ವರ್ಷ ಕೆಎಸ್‌ಆರ್‌ಟಿಸಿಯಲ್ಲಿ ದುಡಿದವನು, ಅದರಲ್ಲಿ ಬಹುಪಾಲು ತಿಪಟೂರು ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ. ಐದು ನಿಮಿಷ ತಡವಾಗಿ ಬಂದ ಬಸ್ಸಿಗೂ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಚಾಲಕರ ಶಾಪ ಹಾಕಿಸಿಕೊಂಡವನು. ಅಂಥವನು ಏಳು ವಾರ ತೆಪ್ಪಗೆ ಕಾದೆ. ಏಕೆ ಕಾದೆ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಳಿ 23 ಹಳೆಯ ಕೈಗಡಿಯಾರಗಳಿವೆ. ‘ಅಪ್ಪನ ಸಂಗ್ರಹ’ ಎಂದು ಅದಕ್ಕೆ ಮಗಳು ದೊಡ್ಡ ಹೆಸರಿಟ್ಟಿದ್ದಾಳೆ. ನನ್ನ ಹೆಂಡತಿಯ ಬಾಯಲ್ಲಿ ಅದು ‘ಆ ಡಬ್ಬ’. ಹದಿನಾರು ಎಚ್‌ಎಂಟಿಗಳು: ನಾಲ್ಕು ಜನತಾ, ಎರಡು ಪೈಲಟ್, ಒಂದೊಂದು ಸೋನಾ, ಕೊಹಿನೂರ್, ಜವಾಹರ್, ತರುಣ್, ಹೀಗೆ. ಮಾವನವರು ಮದುವೆಯಲ್ಲಿ ಕಟ್ಟಿದ ಕಾಂಚನ್ ಕೂಡ ಇದರಲ್ಲಿ ಸೇರಿದೆ. ಆ ಕಾಲದಲ್ಲಿ ಕಾಂಚನ್ ಕಟ್ಟಿದ ಅಳಿಯ ಎಂದರೆ ಬೀಗರ ಮನೆಯಲ್ಲಿ ಎರಡು ಹೋಳಿಗೆ ಹೆಚ್ಚಿಗೆ ಬೀಳುತ್ತಿತ್ತು. ಉಳಿದವು ಸ್ವಿಸ್ ವಾಚುಗಳು. ಅವುಗಳಲ್ಲಿ ಒಂದು ವೆಸ್ಟ್ ಎಂಡ್, ಇನ್ನೊಂದು ಡಯಲ್ ಮೇಲೆ ‘ಟ್ವಿನ್ ಪವರ್’ ಎಂದಿರುವ ಫಾವ್ರ್-ಲ್ಯೂಬಾ. ಇವೆಲ್ಲಕ್ಕೂ ಮೊದಲಿನದು ನಮ್ಮ ತಂದೆಯ ಜನತಾ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದ ಅವರು ಅದನ್ನು 1970ರಲ್ಲಿ ಕೊಂಡಿದ್ದರು.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರು ಮಾಡಿದ್ದು 1961ರಲ್ಲಿ. ಮುಂದೆ ತುಮಕೂರಿಗೂ ಒಂದು ಕಾರ್ಖಾನೆ ಬಂತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಜಾಗ ಈಗ ಇಸ್ರೋ ಕೈಯಲ್ಲಿದೆ. ವಾಚು ಇಟ್ಟುಕೊಂಡವರಿಗೆ ಇದರಿಂದಾದ ಪರಿಣಾಮ ಇಷ್ಟೇ: ಹೊಸ ಬಿಡಿಭಾಗ ಹುಟ್ಟುವುದಿಲ್ಲ. ಇರುವುದನ್ನು ಕೆಡಿಸದೆ ಇಟ್ಟುಕೊಳ್ಳಬೇಕು, ಕೆಟ್ಟರೆ ಕೆಡಿಸದವರ ಕೈಗೆ ಕೊಡಬೇಕು.

ಕೆಡಿಸುವವರ ಕೈಗೂ ಒಮ್ಮೆ ಕೊಟ್ಟಿದ್ದೇನೆ. ಬೆಂಗಳೂರಿನಲ್ಲಿ, ಎ.ಸಿ. ಹಾಕಿದ, ಕಾಫಿ ಕೊಡುವ ಅಂಗಡಿಗೆ. ಹೆಸರು ಬೇಡ. ತಂದೆಯ ಜನತಾವನ್ನು ‘ಫುಲ್ ಸರ್ವಿಸ್’ಗೆಂದು ಅಲ್ಲಿ ಬಿಟ್ಟು ಬಂದೆ. ನಾಲ್ಕೇ ದಿನಕ್ಕೆ ವಾಚು ಬಂತು, ಮಿರಮಿರ ಮಿಂಚುತ್ತಿತ್ತು. ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ್ದ ಡಯಲ್‌ಗೆ ಸುಣ್ಣದಂಥ ಬಿಳಿ ಬಣ್ಣ ಬಳಿದಿದ್ದರು. ‘ಜನತಾ’ ಎಂಬ ದೇವನಾಗರಿ ಅಕ್ಷರಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಏಳರ ಅಂಕಿಯ ಪಕ್ಕ ಒಂದು ಸಣ್ಣ ಕಲೆ ಇತ್ತು. ಚಿಕ್ಕಂದಿನಲ್ಲಿ ತಂದೆಯ ಮಡಿಲಲ್ಲಿ ಕುಳಿತು ಗಂಟೆ ನೋಡಲು ಕಲಿತಾಗ ‘ಕಲೆ ಇರುವುದು ಏಳು’ ಎಂದು ನಾನು ಗುರುತಿಟ್ಟುಕೊಂಡ ಕಲೆ ಅದು. ಅದು ಹೋಗಿತ್ತು. ಕೌಂಟರಿನ ಹುಡುಗ ‘ಹೊಸದರಂತೆ ಆಗಿದೆ ನೋಡಿ ಅಂಕಲ್’ ಎಂದ. ಅವನ ತಪ್ಪಲ್ಲ, ಹೊಸದಾಗುವುದೇ ರಿಪೇರಿ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಹಣ ಕೊಟ್ಟು, ಅವರು ಕೊಟ್ಟ ಕಾಫಿಯನ್ನು ಕುಡಿಯದೆ ಬಂದೆ. ಆ ಕಾಲಕ್ಕೆ ನನ್ನಿಂದ ಆದ ಪ್ರತಿಭಟನೆ ಅಷ್ಟೇ.

ಇನ್ನು ನಮ್ಮ ಅಕ್ಕನ ಅಂಗಡಿ. ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ, ಒಂದು ಹಳೆಯ ಮನೆಯ ಮುಂಗೋಣೆ. ಬೋರ್ಡ್ ಇಲ್ಲ. ‘ಬರೆಯುವುದಾದರೆ ಬರೆಯಿರಿ ಸರ್, ಆದರೆ ಹೆಸರು, ನಂಬರ್ ಹಾಕಿ ಜನ ಕಳಿಸಬೇಡಿ, ಈಗ ಇರುವ ವಾಚುಗಳನ್ನೇ ಮುಗಿಸಲು ಆಗುತ್ತಿಲ್ಲ’ ಎಂದಿದ್ದಾರೆ. ಎಚ್‌ಎಂಟಿಯಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ದಾರಿ ತೋರಿಸುತ್ತಾರೆ. ಅವರೂ ಆ ಕಾರ್ಖಾನೆಯಲ್ಲಿ ವಾಚು ಜೋಡಿಸುವ ವಿಭಾಗದಲ್ಲಿದ್ದವರೇ. ಬೀದಿಯ ಮಕ್ಕಳಿಗೆ ಅವರು ವಾಚಿನ ಅಕ್ಕ. ವಯಸ್ಸಿನಲ್ಲಿ ನಾನೇ ನಾಲ್ಕೈದು ವರ್ಷ ಹಿರಿಯ, ಆದರೂ ನನಗೂ ಅಕ್ಕನೇ ಆಗಿಬಿಟ್ಟಿದ್ದಾರೆ.

ಅಂಗಡಿಯಲ್ಲಿ ಗಿರಾಕಿ ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲ್. ಕಿಟಕಿಗೆ ಎದುರಾಗಿ ಅವರ ಮೇಜು, ಅವರ ಎದೆಯ ಎತ್ತರಕ್ಕೆ. ಮೊಣಕೈ ಮೇಜಿನ ಮೇಲೆ ಊರಿದ್ದರೆ ಕೈ ನಡುಗುವುದಿಲ್ಲ, ಬೆನ್ನು ಬಾಗುವುದಿಲ್ಲ. ಮಡಿಲ ಮೇಲೆ ಬಿಳಿ ಬಟ್ಟೆ. ಜಾರಿದ ತಿರುಪು ನೆಲಕ್ಕೆ ಹೋಗದೆ ಅದರ ಮೇಲೆ ಬೀಳಲಿ ಎಂದು. ಸೀಲಿಂಗ್ ಫ್ಯಾನ್ ಇದೆ, ಹಾಕುವುದಿಲ್ಲ. ಏಪ್ರಿಲ್‌ನಲ್ಲಿ ಹೋಗುವವರು ಒಂದು ಟವೆಲ್ ಒಯ್ಯುವುದು ಒಳ್ಳೆಯದು.

ವಾಚು ಕೈಗೆ ಕೊಟ್ಟರೆ ಅವರು ತಕ್ಷಣ ಬಿಚ್ಚುವುದಿಲ್ಲ. ಕೀಗೆ ಎರಡು ಸುತ್ತು ಕೊಟ್ಟು ಕಿವಿಗೆ ಹಿಡಿಯುತ್ತಾರೆ. ಮಲಗಿಸಿ ಕೇಳುತ್ತಾರೆ, ನಿಲ್ಲಿಸಿ ಕೇಳುತ್ತಾರೆ. ಆಮೇಲೆ ನಮ್ಮ ಕಣ್ಣ ಮುಂದೆಯೇ ಹಿಂಬದಿಯ ಮುಚ್ಚಳ ತೆಗೆಯುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಒಳಗೆ ಏನಿದೆ ಎಂದು ನೋಡಿಯೇ ನಾವು ಬಿಟ್ಟು ಬರಬೇಕು ಎಂಬುದು ಅವರ ಕಟ್ಟುನಿಟ್ಟು. ಮಾಡೆಲ್, ಮುಚ್ಚಳದ ಮೇಲಿನ ಸಂಖ್ಯೆ, ಗ್ಲಾಸಿನ ಗೀರು, ತುಕ್ಕು, ಕೀಯ ಸವೆತ ಎಲ್ಲವನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದು ನಮ್ಮಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ನನ್ನ ಲಾಗ್‌ಶೀಟುಗಳಿಗಿಂತ ಅಚ್ಚುಕಟ್ಟು, ಒಪ್ಪಿಕೊಳ್ಳುತ್ತೇನೆ.

ತಂದೆಯ ಜನತಾದ ಮುಚ್ಚಳ ತೆಗೆದಾಗ ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಸಿಕ್ಕಿಸಿ, ಒಳಮೈ ನೋಡಿ ಎಂದರು. ಉಕ್ಕಿನ ಮೇಲೆ ಸೂಜಿಯಲ್ಲಿ ಗೀಚಿದ ಪುಟ್ಟ ಅಂಕಿಗಳು: 4-74, ಅದರ ಕೆಳಗೆ 11-79, ಆಮೇಲೆ ವಾರೆಯಾಗಿ 86. ರಿಪೇರಿ ಮಾಡಿದವರು ತಮ್ಮ ಗುರುತಿಗೆ ಹಾಗೆ ಗೀಚುವುದು ಹಿಂದಿನ ಪದ್ಧತಿಯಂತೆ. 1979ರ ನವೆಂಬರ್ ಎಂದರೆ ನನ್ನ ಅಕ್ಕನ ಮದುವೆಯ ತಿಂಗಳು. ಆ ಗಡಿಬಿಡಿಯಲ್ಲೂ ಅಪ್ಪ ವಾಚು ರಿಪೇರಿಗೆ ಕೊಟ್ಟಿದ್ದರು. ಬೆಂಗಳೂರಿನವರು ಡಯಲ್‌ಗೆ ಬಣ್ಣ ಬಳಿದರೂ ಮುಚ್ಚಳ ಬದಲಿಸಿರಲಿಲ್ಲ, ಅಷ್ಟಾದರೂ ಉಳಿಯಿತು. ನಮ್ಮ ವಾಚಿನ ಅಕ್ಕ ಹೊಸ ಗೀರು ಹಾಕುವುದಿಲ್ಲ. ‘ನನ್ನ ಲೆಕ್ಕ ಪುಸ್ತಕದಲ್ಲಿದೆ, ಉಕ್ಕಿಗೆ ಏಕೆ ನೋವು?’ ಎಂದರು.

ಕೆಲಸ ಹೇಗೆ ನಡೆಯುತ್ತದೆ ಎಂದು ಒಂದು ಗುರುವಾರ ಮಧ್ಯಾಹ್ನ ಪೂರ್ತಿ ಕುಳಿತು ನೋಡಿದ್ದೇನೆ. ‘ಮಾತಾಡದಿದ್ದರೆ ಕೂರಿ’ ಎಂಬ ಷರತ್ತಿನ ಮೇಲೆ. ಅಂದು ಮೇಜಿನ ಮೇಲಿದ್ದದ್ದು ನನ್ನದೇ ಒಂದು ಪೈಲಟ್. ಮೊದಲು ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗಿನ ಬಿಗಿಯನ್ನು ಮೆಲ್ಲಗೆ ಇಳಿಸಿದರು. ಅದನ್ನು ಬಿಟ್ಟು ಕೈ ಹಾಕಿದರೆ ಚಕ್ರದ ಹಲ್ಲೇ ಮುರಿಯಬಹುದು. ಆಮೇಲೆ ಅತ್ತಿತ್ತ ತೂಗಿ ಸಮಯ ಅಳೆಯುವ ಚಕ್ರವನ್ನು, ಅಂದರೆ ಬ್ಯಾಲೆನ್ಸ್ ವೀಲನ್ನು ಎತ್ತಿದರು. ಚಿಮಟದ ತುದಿಯಲ್ಲಿ ಚಕ್ರವನ್ನು ಹಿಡಿದಿಡುವ ಲೋಹದ ಸೇತುವೆ, ಅದರಿಂದ ಹೇರ್‌ಸ್ಪ್ರಿಂಗ್ ಎಂಬ ತೆಳು ಸುರುಳಿ, ಅದರ ಕೆಳಗೆ ಚಕ್ರ ಜೋಲಾಡುತ್ತ ಗಾಳಿಯಲ್ಲಿ ಒಂದು ಸುತ್ತು ತಿರುಗಿತು. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ದಿನಕ್ಕೆ 4,32,000 ಬಾರಿ ಬಡಿಯುವ ಆ ಚಕ್ರ ನಿಂತಿರುವುದು ತಲೆಗೂದಲಿಗಿಂತ ತುಸುವೇ ದಪ್ಪನೆಯ ಎರಡು ಮೊನೆಗಳ ಮೇಲೆ. ವಾಚು ಕೆಳಗೆ ಬಿದ್ದರೆ ಮುರಿಯುವುದೂ ಅವೇ. ಎಚ್‌ಎಂಟಿ ಡಯಲ್ ಮೇಲಿನ ‘ಪ್ಯಾರಾ ಶಾಕ್’ ಎಂಬುದು ಆ ಮೊನೆಗಳನ್ನು ಕಾಯುವ ಪುಟ್ಟ ಸ್ಪ್ರಿಂಗಿನ ಏರ್ಪಾಡು ಎಂದು ನನಗೆ ತಿಳಿದದ್ದು ಅಂದೇ. ನಲವತ್ತು ವರ್ಷ ಅದನ್ನು ಓದಿದ್ದೆ, ಏನೆಂದು ಕೇಳಿರಲಿಲ್ಲ.

ಎಲ್ಲ ಬಿಚ್ಚಿ, ತೊಳೆದು, ಕಡ್ಡಿಯ ಮೊನೆಯಿಂದ ಚಕ್ರದ ಮೊನೆ ಕೂರುವ ಒಂದೊಂದು ಕಲ್ಲಿನ ತೂತನ್ನೂ ಉಜ್ಜಿದ ಮೇಲೆ ಎಣ್ಣೆಯ ಸರದಿ. ಎಣ್ಣೆ ಹಾಕುವುದು ಎಂದರೆ ಹೊಲಿಗೆ ಮಿಷನ್ನಿಗೆ ಹಾಕಿದಂತೆ ಎಂದುಕೊಂಡಿದ್ದೆ. ಸೂಜಿಯಂಥ ತಂತಿಯ ತುದಿಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಎಣ್ಣೆ. ಅದನ್ನು ಕಲ್ಲಿಗೆ ಮುಟ್ಟಿಸಿ ಭೂತಗನ್ನಡಿಯಲ್ಲಿ ತೋರಿಸಿದರು: ಕೆಂಪು ಕಲ್ಲಿನ ನಡುವೆ ದುಂಡನೆಯ ಒಂದು ಹನಿ, ಅಂಚಿನ ಸುತ್ತ ಒಣ ಜಾಗ. ಹನಿ ಅಂಚು ಮುಟ್ಟಿದರೆ ಹರಿದುಹೋಗುತ್ತದೆ, ಮತ್ತೆ ತೊಳೆಯಬೇಕು. ಒಂದು ಹನಿ ಹಾಗೆ ಅಂಚು ಮುಟ್ಟಿತು. ಅವರು ನಿಟ್ಟುಸಿರೂ ಬಿಡದೆ ಕಲ್ಲನ್ನು ಎತ್ತಿ ಮತ್ತೆ ತೊಳೆಯಲು ಹಾಕಿದರು. ಏಳು ವಾರ ಏಕೆ ಎಂಬುದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ಮೇನ್‌ಸ್ಪ್ರಿಂಗಿಗೆ ಗಟ್ಟಿ ಗ್ರೀಸು, ನಿಧಾನ ತಿರುಗುವ ಚಕ್ರಗಳಿಗೆ ದಪ್ಪ ಎಣ್ಣೆ, ವೇಗದ ಚಕ್ರಗಳಿಗೆ ತೆಳು ಎಣ್ಣೆ. ಚಕ್ರದ ಹಲ್ಲನ್ನು ಒಂದೊಂದಾಗಿ ತಡೆದು ಬಿಡುವ ಪ್ಯಾಲೆಟ್ ಫೋರ್ಕಿನ ಮೊನೆಗಳಿಗೆ ಎಣ್ಣೆಯೇ ಇಲ್ಲ, ಒಣಗಿಯೇ ಆಡಬೇಕು.

ಪ್ರಾಯದಲ್ಲಿ ನಾನು ಒಂದು ಜನತಾಗೆ ಮನೆಯ ಕೊಬ್ಬರಿ ಎಣ್ಣೆ ಬಿಟ್ಟ ಕಥೆಯನ್ನು ಅಂದು ಹೇಳಬೇಕೆಂದಿದ್ದೆ. ಷರತ್ತು ನೆನಪಾಗಿ ಸುಮ್ಮನಾದೆ. ತಿಪಟೂರಿನವನಿಗೆ ಎಲ್ಲ ರೋಗಕ್ಕೂ ಒಂದೇ ಮದ್ದು.

ಆದರೆ ನಾನು ಈ ಅಂಗಡಿಗೆ ಶರಣಾದದ್ದು ಅವರು ಮಾಡದೆ ಬಿಟ್ಟ ಒಂದು ರಿಪೇರಿಯಿಂದ. ಸೋನಾ ವಾಚು ಇದ್ದಕ್ಕಿದ್ದಂತೆ ದಿನಕ್ಕೆ 20 ನಿಮಿಷ ಮುಂದೆ ಓಡತೊಡಗಿತ್ತು. ನಮ್ಮೂರಿನ ಒಬ್ಬರು ‘ಮಿಷನ್ ಹೋಗಿದೆ, ಬೇರೆ ಮಿಷನ್ ಕೂರಿಸಬೇಕು, 1,800 ರೂಪಾಯಿ’ ಎಂದಿದ್ದರು. ಅಕ್ಕ ಬಿಚ್ಚಲೇ ಇಲ್ಲ. ಡ್ರಾಯರಿನಿಂದ ಮಕ್ಕಳು ಆಡುವ ಸಣ್ಣ ದಿಕ್ಸೂಚಿ ತೆಗೆದು ವಾಚಿನ ಪಕ್ಕ ಇಟ್ಟರು. ಉತ್ತರಕ್ಕೆ ನೆಟ್ಟಿದ್ದ ಮುಳ್ಳು ಹುಚ್ಚು ಹಿಡಿದಂತೆ ನನ್ನ ಸೋನಾದ ಕಡೆ ತಿರುಗಿತು. ‘ಮೊಬೈಲ್ ಕವರ್ ಯಾವುದು ಸರ್?’ ಎಂದು ಕೇಳಿದರು. ಮಗಳು ಕೊಡಿಸಿದ, ಪುಸ್ತಕದಂತೆ ಮಡಚುವ ಕವರ್. ತುದಿಯಲ್ಲಿ ಅಯಸ್ಕಾಂತ. ರಾತ್ರಿ ದಿನವೂ ವಾಚನ್ನು ಅದರ ಮೇಲೆಯೇ ಬಿಚ್ಚಿಡುತ್ತಿದ್ದೆ. ಹೇರ್‌ಸ್ಪ್ರಿಂಗಿನ ಸುರುಳಿಗಳು ಕಾಂತತ್ವ ಹಿಡಿದು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡವಾದಂತೆ ಆಗುತ್ತದೆ, ವಾಚು ಮುಂದೆ ಓಡುತ್ತದೆ. ನೀಲಿ ಡಬ್ಬಿಯಂಥ ಒಂದು ಉಪಕರಣದ ಮೇಲೆ ವಾಚನ್ನಿಟ್ಟು, ಗುಂಡಿ ಒತ್ತಿ, ನಿಧಾನಕ್ಕೆ ಮೇಲಕ್ಕೆತ್ತಿದರು. ಹತ್ತು ಸೆಕೆಂಡು. ದಿಕ್ಸೂಚಿ ಮತ್ತೆ ಉತ್ತರಕ್ಕೆ. ಎಷ್ಟು ಕೊಡಲಿ ಎಂದೆ. ‘ಕವರ್ ಬದಲಿಸಿ’ ಎಂದರು.

ಸರ್ವಿಸ್ ಆದ ವಾಚನ್ನು ಬಡಿತ ಕೇಳಿ ವೇಗ ಅಳೆಯುವ, ಮೈಕ್ ಇರುವ ಟೈಮ್‌ಗ್ರಾಫರ್ ಮೇಲಿಟ್ಟು, ಆ ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ನನ್ನ ಪೈಲಟ್‌ನ ಬ್ಯಾಲೆನ್ಸ್ ಚಕ್ರ ಬಂದಾಗ 190 ಡಿಗ್ರಿ ಬೀಸುತ್ತಿತ್ತು, ಹೋಗುವಾಗ 272. ಮಲಗಿಸಿದರೆ ದಿನಕ್ಕೆ 8 ಸೆಕೆಂಡು ಮುಂದೆ, ಕೀ ಕೆಳಗಾಗಿ ನಿಲ್ಲಿಸಿದರೆ 6 ಸೆಕೆಂಡು ಹಿಂದೆ. ಸೊನ್ನೆ ಮಾಡಿಕೊಡಿ ಎಂದು ಹಟ ಹಿಡಿದೆ. ಕಂಟ್ರೋಲರ್ ಬುದ್ಧಿ. ‘ಸರ್, ನಿಮ್ಮ ತಿಪಟೂರು ಬಸ್ಸು ದಿನವೂ ಸೆಕೆಂಡಿಗೆ ಸರಿಯಾಗಿ ಬರುತ್ತಿತ್ತೇ?’ ಎಂದರು. ಮಾತು ಅಲ್ಲಿಗೆ ಮುಗಿಯಿತು.

ವಾಚಿನ ಜೊತೆ ಒಂದು ಸಣ್ಣ ಕಾಗದದ ಪೊಟ್ಟಣ ಬರುತ್ತದೆ. ತೆಗೆದುಹಾಕಿದ ಹಳೆಯ ಭಾಗಗಳೆಲ್ಲ ಅದರಲ್ಲಿ: ಬಿರಿದ ಗ್ಲಾಸು, ಸೊರಗಿದ ಸ್ಪ್ರಿಂಗು, ತುಕ್ಕು ತಿಂದ ಕೀ ಕಡ್ಡಿ. ಹಾಕಿದ ಭಾಗ ಎಲ್ಲಿಯದು ಎಂಬುದನ್ನೂ ಪೊಟ್ಟಣದ ಮೇಲೆ ಬರೆದಿರುತ್ತಾರೆ. ‘ಹಳೆಯ ಸ್ಟಾಕ್’ ಅಥವಾ ‘ಕೆಟ್ಟ ಜನತಾದಿಂದ’. ನಾನು ಆನ್‌ಲೈನ್‌ನಲ್ಲಿ 1,400 ರೂಪಾಯಿಗೆ ಕೊಂಡು ಬೀಗಿದ್ದ ಕಿತ್ತಳೆ ಬಣ್ಣದ ಡಯಲ್‌ನ ಪೈಲಟ್ ಎರಡು ಮೂರು ಸತ್ತ ವಾಚುಗಳನ್ನು ಸೇರಿಸಿ ಬಣ್ಣ ಬಳಿದದ್ದು ಎಂದು ಹೇಳಿದವರೂ ಅವರೇ. ನಗದೆ ಹೇಳಿದರು, ಅದಕ್ಕೆ ನಾನು ಋಣಿ.

ದರ: ಕೀ ಕೊಡುವ ಎಚ್‌ಎಂಟಿಗೆ 700 ರೂಪಾಯಿ, ಆಟೊಮ್ಯಾಟಿಕ್‌ಗೆ 1,200. ಬಿಡಿಭಾಗದ ಹಣ ಬೇರೆ. ಫಾವ್ರ್-ಲ್ಯೂಬಾಕ್ಕೆ ಹೆಚ್ಚು ತೆಗೆದುಕೊಂಡರು. ‘ಟ್ವಿನ್ ಪವರ್’ ಎಂದರೆ ಒಳಗೆ ಎರಡು ಮೇನ್‌ಸ್ಪ್ರಿಂಗ್ ಇರುತ್ತವೆ, ಎರಡನ್ನೂ ಬದಲಿಸಬೇಕಾಯಿತು. ಸರ್ವಿಸ್ ಆದ ಮೇಲೆ ಆರು ತಿಂಗಳು ಅವರ ಹೊಣೆ, ಆದರೆ ಒಳಗೆ ನೀರು ಹೋದರೆ ಹೊಣೆ ಇಲ್ಲ. ಮುಚ್ಚಳದ ಮೇಲೆ ‘ವಾಟರ್‌ಪ್ರೂಫ್’ ಎಂದು ಕೆತ್ತಿದ್ದರೂ ಐವತ್ತು ವರ್ಷದ ವಾಚನ್ನು ನಲ್ಲಿಯ ಕೆಳಗೆ ಹಿಡಿಯುವವನಿಗೆ ಅವರಲ್ಲಿ ಕ್ಷಮೆ ಇಲ್ಲ.

ದೂರುಗಳೂ ಇವೆ. ಫೋನ್ ಎತ್ತುವುದಿಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿದದ್ದು ನನ್ನ ಹನ್ನೊಂದು ವಾಚುಗಳಲ್ಲಿ ಎರಡು ಮಾತ್ರ. ಬ್ಯಾಟರಿ ವಾಚನ್ನು ಮುಟ್ಟುವುದಿಲ್ಲ. ಹೆಂಡತಿಯ ವಾಚಿಗೆ ಸೆಲ್ ಹಾಕಿಸಲು ಬೇರೆ ಅಂಗಡಿ ಹುಡುಕಬೇಕಾಯಿತು, ಅದರ ಬಗ್ಗೆ ಮನೆಯಲ್ಲಿ ಮಾತು ಕೇಳಬೇಕಾಯಿತು. ಬೆಲ್ಟ್ ವಿಷಯದಲ್ಲಿ ಅವರಿಗೆ ಅಭಿರುಚಿಯೇ ಇಲ್ಲ, ಕಾಂಚನ್‌ಗೆ ಕಪ್ಪು ರೆಕ್ಸಿನ್ ಪಟ್ಟಿ ಹಾಕಿ ಕೊಟ್ಟಿದ್ದರು. ಜೊತೆಗೆ, ಬೆಂಗಳೂರಿನವರು ಬಳಿದ ಬಣ್ಣವನ್ನು ತೆಗೆಯಿರಿ ಎಂದು ನಾನು ಎಷ್ಟು ಬೇಡಿದರೂ ಒಪ್ಪಲಿಲ್ಲ. ಕೆಳಗಿನ ಹಳೆಯ ಬಣ್ಣವನ್ನು ಬೆಂಗಳೂರಿನವರು ಮೊದಲೇ ಕೆರೆದಿರುತ್ತಾರೆ, ಈಗ ತೆಗೆದರೆ ಬರಿ ಹಿತ್ತಾಳೆ ಸಿಗುತ್ತದೆ ಎಂದರು. ಅದು ದೂರಲ್ಲ, ಆದರೂ ಅಂದು ಸಿಟ್ಟು ಬಂದಿತ್ತು.

ಮನೆಯಲ್ಲಿ ಮಾಡಬೇಕಾದ್ದನ್ನೂ ಅವರೇ ಕಲಿಸಿದರು. ಕೈಯಲ್ಲಿ ಕಟ್ಟಿಕೊಂಡೇ ಕೀ ಕೊಡಬಾರದು, ಕಡ್ಡಿಗೆ ಓರೆ ಒತ್ತಡ ಬೀಳುತ್ತದೆ. ಬಿಚ್ಚಿ, ಬೆಳಿಗ್ಗೆ ಒಂದೇ ಹೊತ್ತಿಗೆ, ಬಿಗಿ ತಾಗುವವರೆಗೆ ಕೊಡಬೇಕು. ನಾನು ಈಗ ಆಕಾಶವಾಣಿ ಪ್ರದೇಶ ಸಮಾಚಾರದ ಹೊತ್ತಿಗೆ ಕೊಡುತ್ತೇನೆ. ‘ಹೆಚ್ಚು ಕೀ ಕೊಟ್ಟು ವಾಚು ಸಿಕ್ಕಿಕೊಂಡಿತು’ ಎನ್ನುವುದು ಬಹುತೇಕ ಸುಳ್ಳು. ಎಣ್ಣೆ ಒಣಗಿ ಅಂಟಾಗಿರುತ್ತದೆ, ಬಯ್ಗುಳ ಕೀ ಕೊಟ್ಟವನಿಗೆ. ಕಾಂಚನ್‌ನ ತಾರೀಖನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ಕೈಯಿಂದ ಬದಲಿಸಬಾರದು, ಆಗ ಒಳಗಿನ ಹಲ್ಲುಗಳು ತಾವೇ ಆ ಕೆಲಸದಲ್ಲಿ ತೊಡಗಿರುತ್ತವೆ. ಮಳೆಗಾಲದಲ್ಲಿ ಚರ್ಮದ ಪಟ್ಟಿಗಳನ್ನು ಬಿಚ್ಚಿಟ್ಟು, ಡಬ್ಬದಲ್ಲಿ ತೇವ ಹೀರುವ ಪೊಟ್ಟಣ ಇಡಬೇಕು. ಇಪ್ಪತ್ತಮೂರನ್ನೂ ದಿನವೂ ಓಡಿಸುವ ಹುಚ್ಚು ಬೇಡ, ಓಡಿದಷ್ಟೂ ಸವೆಯುತ್ತವೆ. ತಿಂಗಳಿಗೊಮ್ಮೆ ಕೀ ಕೊಟ್ಟು ಸದ್ದು ಕೇಳಿದರೆ ಸಾಕು.

ಈಗ ಅವರ ಬಳಿ ಇರುವುದು ನನ್ನ ವೆಸ್ಟ್ ಎಂಡ್. ಅದರ ಅಂಕಿಗಳ ಮೇಲೆ ಕಂದು ತಿರುಗಿದ ಬಣ್ಣವಿದೆ. ನಮ್ಮಲ್ಲಿ ಕತ್ತಲಲ್ಲಿ ಹೊಳೆಯುವುದೆಲ್ಲ ರೇಡಿಯಂ, ಲಾರಿಯ ಹಿಂದಿನ ಸ್ಟಿಕರ್ ಕೂಡ. ಇದು ನಿಜವಾದ, ವಿಕಿರಣ ಸೂಸುವ ರೇಡಿಯಂ ಇರಬಹುದು ಎಂದು ಅವರ ಅನುಮಾನ. ಹೊಳಪು ಎಂದೋ ಸತ್ತಿದೆ, ಆದರೆ ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಡಯಲನ್ನು ಕೆರೆಯದೆ, ಊದದೆ, ಮುಚ್ಚಿದ ಗಾಜಿನ ಬಟ್ಟಲಿನ ಕೆಳಗೆ ಬೇರೆಯಾಗಿ ಇಟ್ಟಿದ್ದಾರೆ. ಬ್ಯಾಲೆನ್ಸಿನ ಮೊನೆ ಮುರಿದಿದೆ, ಅದಕ್ಕೆ ಹೊಂದುವುದು ಸಿಕ್ಕಿಲ್ಲ. ನಾಲ್ಕು ತಿಂಗಳಾಯಿತು. ಹೋದ ವಾರ ಹೋಗಿ, ಯಾವಾಗ ಎಂದು ಬರೆದೇ ಕೊಡಿ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಚೀಟಿ ತೆಗೆದುಕೊಂಡು ‘ಯುಗಾದಿಯ ನಂತರ’ ಎಂದು ಬರೆದು ಕೊಟ್ಟರು. ಬಸ್ಸು ಹತ್ತಿ ಕೂತ ಮೇಲೆ ನೋಡಿದರೆ, ಯಾವ ವರ್ಷದ ಯುಗಾದಿ ಎಂದು ಬರೆದಿರಲಿಲ್ಲ.